ಎಕ್ಸೆಲ್ ಹಳತೋ ಹೊಸತೋ, ಚಾರ್ಟ್ ಯಾವುದರಲ್ಲಿ ಬೇಗ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಾಸರಗೋಡಿನ ಕಡೆ ಎಕ್ಸೆಲ್ ಬಳಸುವವರು ಬರೀ ಆಫೀಸಿನವರಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರಲ್ಲಿ ದಿನಾ ಮಳೆ ಅಳೆದು ಬರೆದಿಡುವವರಿದ್ದಾರೆ. ಮೊದಲು ಡೈರಿಯಲ್ಲಿ ಬರೆಯುತ್ತಿದ್ದರು, ಈಗ ಶೀಟಿನಲ್ಲಿ. ಶಾಲೆಯ ಮಾಷ್ಟ್ರು, ಟೀಚರುಗಳಿಗೆ ಮಕ್ಕಳ ಮಾರ್ಕಿನ ಗ್ರಾಫ್ ಬೇಕು, ಸೊಸೈಟಿಯವರಿಗೆ ಅಡಿಕೆ ಧಾರಣೆಯದ್ದು ಬೇಕು. ಎಲ್ಲರ ದೂರೂ ಒಂದೇ: ಕಂಪ್ಯೂಟರ್ ಹೊಸತಾದರೂ ಚಾರ್ಟ್ ಯಾಕೆ ಇಷ್ಟು ನಿಧಾನ? ಅವರು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಹೊಸ ಎಕ್ಸೆಲ್ ಅಂದ ಮೇಲೆ ಚಾರ್ಟ್ ಬೇಗ ಬರಬೇಕಲ್ವಾ?

ಹಾಗೇನಿಲ್ಲ. ಲೆಕ್ಕ ಮಾಡುವ ವೇಗ ಬೇರೆ, ಚಿತ್ರ ಬಿಡಿಸುವ ವೇಗ ಬೇರೆ. ಎಕ್ಸೆಲ್ 2007ರಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಒಂದು ಶೀಟಿನ ಲೆಕ್ಕವನ್ನು ಪ್ರೊಸೆಸರಿನ ಬೇರೆ ಬೇರೆ ಕೋರ್‌ಗಳಿಗೆ ಹಂಚುವ ವ್ಯವಸ್ಥೆ ಬಂದದ್ದು ಆ ವರ್ಶನ್‌ನಲ್ಲಿ, ಅಂದರೆ ಲೆಕ್ಕದ ಮಟ್ಟಿಗೆ ಅದು ಮುಂದೆ ಹೋಗಿತ್ತು. ಆದರೆ ಅದೇ 2007ರಲ್ಲಿ ಚಾರ್ಟ್ ಮಾತ್ರ 2003ಕ್ಕಿಂತ ಹಿಂದೆ ಬಿತ್ತು. ಪಾಯಿಂಟ್ ಜಾಸ್ತಿ ಇದ್ದರಂತೂ ಯಾರಿಗಾದರೂ ಕಣ್ಣಿಗೆ ಹೊಡೆಯುವಷ್ಟು. ವರ್ಶನ್ ನಂಬರ್ ನೋಡಿ ವೇಗ ಹೇಳಲಿಕ್ಕಾಗುವುದಿಲ್ಲ. ನೀವು ಏನು ಬಿಡಿಸಲು ಹೇಳುತ್ತಿದ್ದೀರಿ, ಅದರ ಹಿಂದೆ ಎಷ್ಟು ಲೆಕ್ಕ ಓಡುತ್ತಿದೆ ಅನ್ನುವುದೇ ಮುಖ್ಯ.

2007ರಲ್ಲಿ ಹಾಗೆ ಆದದ್ದು ಯಾಕೆ?

ಚಿತ್ರ ಬಿಡಿಸುವ ಭಾಗವನ್ನೇ ಪೂರ್ತಿ ಬದಲಾಯಿಸಿದರು. 2003ರ ಚಾರ್ಟ್ ನೋಡಲು ಒರಟು. ಓರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು, ನೆರಳು ಪಾರದರ್ಶಕತೆ ಅಂತೆಲ್ಲ ಜಾಸ್ತಿ ಇರಲಿಲ್ಲ. ಒಂದು ಪಾಯಿಂಟಿನಿಂದ ಇನ್ನೊಂದಕ್ಕೆ ಸೀದಾ ಗೆರೆ ಎಳೆದರೆ ಕೆಲಸ ಮುಗಿಯಿತು. 2007ರಲ್ಲಿ ಎಕ್ಸೆಲ್, ವರ್ಡ್, ಪವರ್‌ಪಾಯಿಂಟ್ ಮೂರಕ್ಕೂ ಒಂದೇ ಹೊಸ ಗ್ರಾಫಿಕ್ಸ್ ವ್ಯವಸ್ಥೆ ತಂದರು. ಗೆರೆಯ ಅಂಚು ನಯವಾಯಿತು, ನೆರಳು, ಹೊಳಪು, ಪಾರದರ್ಶಕ ಬಣ್ಣ ಎಲ್ಲ ಬಂತು. ಹತ್ತು ಹನ್ನೆರಡು ಕಂಬದ ಚಾರ್ಟ್ ಆದರೆ ಇದೆಲ್ಲ ಚಂದ. ಆದರೆ ಹತ್ತು ಸಾವಿರ ಪಾಯಿಂಟ್ ಇದ್ದರೆ ಪ್ರತಿ ತುಂಡು ಗೆರೆಗೂ ಆ ನಯ ಮಾಡುವ ಕೆಲಸ ಬೀಳುತ್ತದೆ.

2007 ಬಳಸಿದವರಿಗೆ ಆ ಅನುಭವ ನೆನಪಿರಬಹುದು. ಶೀಟನ್ನು ಸ್ವಲ್ಪ ಕೆಳಗೆ ಸರಿಸಿ ಮತ್ತೆ ಮೇಲೆ ಬಂದರೆ ಚಾರ್ಟಿನ ಜಾಗ ಒಂದು ಕ್ಷಣ ಖಾಲಿ, ಆಮೇಲೆ ಪೂರ್ತಿ ಮತ್ತೆ ಬಿಡಿಸುತ್ತದೆ. ಯಾವುದೋ ಒಂದು ಸೆಲ್‌ನಲ್ಲಿ ಅಂಕೆ ತಿದ್ದಿದರೆ ಪುನಃ ಅದೇ ಕತೆ. ಒಂದೇ ಶೀಟಿನಲ್ಲಿ ಆರೇಳು ಚಾರ್ಟ್ ಇಟ್ಟುಕೊಂಡವರ ಪಾಡು ಹೇಳುವುದೇ ಬೇಡ.

ಈ ದೂರು ಮೈಕ್ರೋಸಾಫ್ಟ್‌ಗೂ ಮುಟ್ಟಿತ್ತು. 2009ರ ಏಪ್ರಿಲ್‌ನಲ್ಲಿ ಬಂದ ಸರ್ವಿಸ್ ಪ್ಯಾಕ್ 2ರಲ್ಲಿ (ತಿದ್ದುಪಡಿಗಳನ್ನೆಲ್ಲ ಒಟ್ಟು ಮಾಡಿ ಕೊಡುವ ಅಪ್‌ಡೇಟ್) ಚಾರ್ಟಿನ ಭಾಗವನ್ನು ಸುಧಾರಿಸಿದರು. ಹಾಗಾಗಿ ಬರೀ "2007" ಅಂದರೆ ಸಾಲದು, ಅದರ ಯಾವ ಪ್ಯಾಕ್ ಅಂತಲೂ ನೋಡಬೇಕು.

2010ರಲ್ಲಿ ಸರಿ ಹೋಯಿತಾ?

ತುಂಬಾ ಮಟ್ಟಿಗೆ ಹೋಯಿತು. ಬಿಡಿಸುವ ವೇಗ ಸುಧಾರಿಸಿತು, ಜೊತೆಗೆ ಪಾಯಿಂಟುಗಳ ಮಿತಿಯನ್ನೂ ತೆಗೆದರು. ಅಲ್ಲಿವರೆಗೆ ಒಂದು ಸಿರೀಸ್‌ನಲ್ಲಿ, ಅಂದರೆ ಚಾರ್ಟಿನ ಒಂದು ಗೆರೆಗೆ ಸೇರಿದ ಅಂಕೆಗಳ ಸಾಲಿನಲ್ಲಿ, 32,000 ಪಾಯಿಂಟಿಗಿಂತ ಜಾಸ್ತಿ ಹಾಕಲು ಬಿಡುತ್ತಿರಲಿಲ್ಲ, ಒಂದು ಇಡೀ ಚಾರ್ಟಿಗೆ 2,56,000. 2010ರಿಂದ ಮೆಮೊರಿ ಇದ್ದಷ್ಟು. ಒಂದು ಚಾರ್ಟಿಗೆ 255 ಸಿರೀಸ್ ಅನ್ನುವ ಮಿತಿ ಮಾತ್ರ ಹಾಗೇ ಉಳಿಯಿತು, ಅದು ನಮಗ್ಯಾರಿಗೂ ಅಡ್ಡ ಬರುವುದಿಲ್ಲ ಬಿಡಿ. ಸೆಲ್ ಒಳಗೇ ಕೂರುವ ಪುಟ್ಟ ಗೆರೆ, ಸ್ಪಾರ್ಕ್‌ಲೈನ್ ಅನ್ನುತ್ತಾರಲ್ಲ, ಅದು ಬಂದದ್ದೂ 2010ರಲ್ಲೇ. ಹತ್ತಾರು ಚಾರ್ಟ್ ಇಟ್ಟು ಶೀಟು ಭಾರ ಮಾಡುವವರು ಇದನ್ನು ಒಮ್ಮೆ ನೋಡಲೇಬೇಕು. ಸುಮ್ನೆ ಏರಿಳಿತ ಕಾಣಬೇಕು ಅಂತಿದ್ದರೆ ಇದು ಸಾಕು.

2013, 2016, ಈಗಿನ 365?

2013ರಲ್ಲಿ ಚಾರ್ಟಿಗೆ ಆನಿಮೇಷನ್ ಬಂತು. ಅಂಕೆ ಬದಲಾಯಿಸಿದರೆ ಕಂಬ ಮೆಲ್ಲಗೆ ಏರುತ್ತದೆ, ಇಳಿಯುತ್ತದೆ. ಕೆಲವರು ಇದನ್ನೇ "ನಿಧಾನ" ಅಂದುಕೊಳ್ಳುತ್ತಾರೆ. ಅದು ಬೇಕಂತಲೇ ಹಾಗೆ ಮಾಡಿದ್ದು. ಬೇಡ ಅನ್ನಿಸಿದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆನಿಮೇಷನ್ ಆಫ್ ಮಾಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಗ್ರಾಫಿಕ್ಸ್ ಕಾರ್ಡಿನ ವಿಷಯ. ಹೊಸ ವರ್ಶನ್‌ಗಳು ಬಿಡಿಸುವ ಕೆಲಸದಲ್ಲಿ ಕಾರ್ಡಿನ ಸಹಾಯ ತೆಗೆದುಕೊಳ್ಳುತ್ತವೆ. ಕಾರ್ಡಿನ ಡ್ರೈವರ್ ಹಳತಾಗಿದ್ದರೆ ಸಹಾಯಕ್ಕಿಂತ ಉಪದ್ರವೇ ಜಾಸ್ತಿ: ಸ್ಕ್ರೀನ್ ಮಿಣಕುತ್ತದೆ, ಚಾರ್ಟ್ ಅರ್ಧ ಬಂದು ನಿಲ್ಲುತ್ತದೆ. ಮೊದಲು ಡ್ರೈವರ್ ಅಪ್‌ಡೇಟ್ ಮಾಡಿ. ಆಗಲೂ ಸರಿಯಾಗದಿದ್ದರೆ 2013, 2016ರಲ್ಲಿ ಆಪ್ಷನ್ಸ್ ಒಳಗೆ ಅಡ್ವಾನ್ಸ್ಡ್‌ನಲ್ಲಿ ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಲರೇಷನ್ ನಿಲ್ಲಿಸುವ ಟಿಕ್ ಇದೆ, ಹಾಕಿ ನೋಡಿ. ಎಲ್ಲರಿಗೂ ಇದರಿಂದ ವೇಗ ಬರುವುದಿಲ್ಲ, ಕೆಲವು ಕಂಪ್ಯೂಟರಿನಲ್ಲಿ ಇನ್ನೂ ನಿಧಾನವೂ ಆಗುತ್ತದೆ. ಆಗ ಟಿಕ್ ತೆಗೆದುಬಿಡಿ.

ನನ್ನ ಆಟೊಮ್ಯಾಟಿಕ್ ಮಳೆಮಾಪಕದ ಡೇಟಾ ಹಳೆ ಎಕ್ಸೆಲ್ ಶೀಟಿನಲ್ಲಿ ಹಿಡಿಯುತ್ತದೆ, ಚಾರ್ಟ್ ಮಾಡಲು ಹೋದರೆ ಆಗುವುದಿಲ್ಲ ಅನ್ನುತ್ತದೆ. ಯಾಕೆ?

ಇದು ನಮ್ಮ ಕಡೆಯದ್ದೇ ಪ್ರಶ್ನೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಮಾಪಕ 15 ನಿಮಿಷಕ್ಕೊಮ್ಮೆ ಬರೆಯುತ್ತದೆ ಅಂತಿಟ್ಟುಕೊಳ್ಳಿ. ಗಂಟೆಗೆ 4, ದಿನಕ್ಕೆ 96, ವರ್ಷಕ್ಕೆ 35,040 ಸಾಲು. 2003ರ ಶೀಟಿನಲ್ಲಿ 65,536 ಸಾಲು ಇದೆ, ಹಾಗಾಗಿ ಡೇಟಾ ಆರಾಮವಾಗಿ ಕೂರುತ್ತದೆ. ಆದರೆ ಚಾರ್ಟಿನ ಒಂದು ಸಿರೀಸ್ 32,000ಕ್ಕೆ ನಿಲ್ಲುತ್ತದೆ. ಜನವರಿ 1ರಿಂದ ಶುರು ಮಾಡಿದರೆ ನವೆಂಬರ್ 30ರ ಬೆಳಗ್ಗೆ 8 ಗಂಟೆಗೆ ನಿಮ್ಮ 32,000 ಮುಗಿಯಿತು. ಡಿಸೆಂಬರ್ ಪೂರ್ತಿ ಹೊರಗೆ.

2007ರಲ್ಲಿ ಶೀಟಿನ ಸಾಲು 10,48,576ಕ್ಕೆ ಏರಿತು, ಆದರೆ ಚಾರ್ಟಿನ ಮಿತಿ ಅದೇ 32,000. ಅದಕ್ಕೇ "ಶೀಟಿನಲ್ಲಿ ಇಷ್ಟು ಜಾಗ ಉಂಟು, ಚಾರ್ಟಿಗೆ ಯಾಕಿಲ್ಲ" ಅಂತ ಜನ ತಲೆ ಕೆಡಿಸಿಕೊಂಡದ್ದು. ಹಳೆಯದರಲ್ಲೇ ಮಾಡಬೇಕು ಅಂದರೆ ಒಂದು ದಾರಿ ಇದೆ. ಜೂನ್ ಕೊನೆಯವರೆಗೆ ಒಂದು ಸಿರೀಸ್, ಜುಲೈಯಿಂದ ಇನ್ನೊಂದು, ಎರಡಕ್ಕೂ ಒಂದೇ ಬಣ್ಣ ಕೊಡಿ. ನೋಡುವವರಿಗೆ ಒಂದೇ ಗೆರೆ.

ದಿನಕ್ಕೊಂದು ಸಲ ಅಳೆದು ಬರೆಯುವವರು ಈ ಮಿತಿಯ ಬಗ್ಗೆ ಯೋಚಿಸುವುದೇ ಬೇಡ. 30 ವರ್ಷದ ಲೆಕ್ಕವೂ ಸುಮಾರು 11 ಸಾವಿರ ಸಾಲು ಅಷ್ಟೆ.

ಹಾಗಾದರೆ 2010ರ ನಂತರ 35 ಸಾವಿರ ಪಾಯಿಂಟ್ ಹಾಕಬಹುದಲ್ವಾ?

ಹಾಕಬಹುದು. ಆದರೆ ಹಾಕಿ ಏನು ಸಿಗುತ್ತದೆ ಅಂತ ಯೋಚನೆ ಮಾಡಿ. ಸಾಧಾರಣ ಸ್ಕ್ರೀನಿನ ಅಗಲ 1,920 ಪಿಕ್ಸೆಲ್. ಚಾರ್ಟನ್ನು ಇಡೀ ಸ್ಕ್ರೀನಿಗೆ ಎಳೆದರೂ ಒಂದೊಂದು ಪಿಕ್ಸೆಲ್ ಅಗಲದಲ್ಲಿ 18 ಪಾಯಿಂಟ್ ಒಂದರ ಮೇಲೊಂದು ಬೀಳುತ್ತವೆ. ಕಂಪ್ಯೂಟರ್ ಅಷ್ಟನ್ನೂ ಬಿಡಿಸುತ್ತದೆ, ನಿಮ್ಮ ಕಣ್ಣಿಗೆ ಕಾಣುವುದು ಒಂದು ದಪ್ಪ ನೀಲಿ ಪಟ್ಟಿ.

ಮಳೆಯಾದರೆ ದಿನದ ಮೊತ್ತ ತೆಗೆಯಿರಿ, 365 ಪಾಯಿಂಟಿನಲ್ಲಿ ಇಡೀ ವರ್ಷ ಬರುತ್ತದೆ. ಮಳೆಗಾಲ ಯಾವಾಗ ಹಿಡಿಯಿತು, ಜುಲೈಯಲ್ಲಿ ಎಷ್ಟು ದಿನ ಬಿಟ್ಟೂ ಬಿಡದೆ ಹೊಡೆಯಿತು, ಕೊಳೆರೋಗಕ್ಕೆ ಮದ್ದು ಬಿಡಲು ಎಲ್ಲಿ ಎರಡು ದಿನ ಹೊಳವು ಸಿಕ್ಕಿತು, ಎಲ್ಲ ಅದರಲ್ಲೇ ಕಾಣುತ್ತದೆ. ಉಷ್ಣಾಂಶವಾದರೆ ಮೊತ್ತಕ್ಕೆ ಅರ್ಥವಿಲ್ಲ, ದಿನದ ಗರಿಷ್ಠ, ಕನಿಷ್ಠ ಎರಡು ಗೆರೆ ಸಾಕು. ಒಂದು ನಿರ್ದಿಷ್ಟ ರಾತ್ರಿಯ ಜಡಿಮಳೆ ನೋಡಬೇಕು ಅಂದರೆ ಆ ಎರಡು ದಿನದ 192 ಪಾಯಿಂಟ್ ಮಾತ್ರ ತೆಗೆದು ಬೇರೆ ಚಾರ್ಟ್ ಮಾಡಿ.

ದಿನದ ಮೊತ್ತ ತೆಗೆಯುವಾಗ ಒಂದು ಎಚ್ಚರ. ನಮ್ಮಲ್ಲಿ ಹವಾಮಾನ ಇಲಾಖೆಯ ಮಳೆ ದಿನ ನಡುರಾತ್ರಿಗೆ ಬದಲಾಗುವುದಿಲ್ಲ. ನಿನ್ನೆ ಬೆಳಗ್ಗೆ 8.30ರಿಂದ ಇವತ್ತು ಬೆಳಗ್ಗೆ 8.30ರವರೆಗಿನದ್ದು ಇವತ್ತಿನ ಮಳೆ. ನಿಮ್ಮ ಮೊತ್ತವನ್ನು ಇಲಾಖೆಯ ಅಂಕೆಯ ಜೊತೆ ಹೋಲಿಸಬೇಕಾದರೆ ಸಮಯಕ್ಕೆ 15 ಗಂಟೆ 30 ನಿಮಿಷ ಕೂಡಿಸಿ, ಆಮೇಲೆ ದಶಮಾಂಶ ಭಾಗ ತೆಗೆಯುವ ಇಂಟ್ (INT) ಫಂಕ್ಷನ್ ಹಾಕಿ ತಾರೀಕು ಮಾತ್ರ ಉಳಿಸಿಕೊಳ್ಳಿ. ಮಾಪಕ 15 ನಿಮಿಷದ ಶುರುವಿನ ಸಮಯ ಬರೆಯುವುದಾದರೆ ಈ ಲೆಕ್ಕ ಸರಿಯಾಗಿ ಕೂರುತ್ತದೆ.

ಲೈನ್ ಚಾರ್ಟಿನಲ್ಲಿ ಒಂದು ದಿನದ 96 ಪಾಯಿಂಟೂ ಒಂದೇ ಉದ್ದ ಗೆರೆಯಲ್ಲಿ ನಿಂತುಬಿಟ್ಟಿವೆ. ಡೇಟಾ ತಪ್ಪಾ?

ಡೇಟಾ ಸರಿ ಇದೆ. ತಾರೀಕು ಕಂಡರೆ ಲೈನ್ ಚಾರ್ಟ್ ಕೆಳಗಿನ ಅಕ್ಷವನ್ನು ದಿನದ ಲೆಕ್ಕದಲ್ಲಿ ಹಿಡಿಯುತ್ತದೆ, ಗಂಟೆ ನಿಮಿಷ ಅದಕ್ಕೆ ಗೊತ್ತಾಗುವುದಿಲ್ಲ. ಲೈನ್ ಬದಲು ಸ್ಕ್ಯಾಟರ್ ಅನ್ನುವ ಚಾರ್ಟ್ ಬಳಸಿ. ಅದರಲ್ಲೂ ಮಾರ್ಕರ್ (ಪಾಯಿಂಟಿನ ಮೇಲೆ ಕೂರುವ ಗುರುತು) ಇಲ್ಲದ, ನೇರ ಗೆರೆಯದ್ದು.

ಚಾರ್ಟ್ ಹಗುರ ಮಾಡಲು ಮೊದಲು ಏನು ತೆಗೆಯಬೇಕು?

ಮಾರ್ಕರ್. ಪ್ರತಿ ಪಾಯಿಂಟಿಗೂ ಒಂದು ಚುಕ್ಕಿಯೋ ಚೌಕವೋ ಕೂರಿಸುವುದೇ ದೊಡ್ಡ ಭಾರ, ಅದಕ್ಕೆ ಅಂಚು ಬೇರೆ, ಒಳಗಿನ ಬಣ್ಣ ಬೇರೆ. ಅದು ಹೋದರೆ ಅರ್ಧ ಸಮಸ್ಯೆ ಹೋದ ಹಾಗೆ. ಆಮೇಲೆ ಸ್ಮೂತ್ ಲೈನ್, ನೆರಳು, ಪಾರದರ್ಶಕ ಬಣ್ಣ, ತ್ರೀಡಿ. ತ್ರೀಡಿಯನ್ನು ನಾನು ಯಾರಿಗೂ ಹೇಳುವುದಿಲ್ಲ, ನಿಧಾನ ಅನ್ನುವುದಕ್ಕಿಂತಲೂ ಅದರಲ್ಲಿ ಕಂಬದ ಎತ್ತರ ಸರಿಯಾಗಿ ಓದಲಿಕ್ಕೇ ಆಗುವುದಿಲ್ಲ.

ನಿಧಾನ ಆಗಿರುವುದು ಚಾರ್ಟೋ ಫಾರ್ಮುಲಾವೋ ಅಂತ ತಿಳಿಯುವುದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಫಾರ್ಮುಲಾಸ್ ಟ್ಯಾಬ್‌ಗೆ ಹೋಗಿ ಕ್ಯಾಲ್ಕುಲೇಷನ್ ಅನ್ನು ಮ್ಯಾನ್ಯುವಲ್‌ಗೆ ಹಾಕಿ. 2003ರಲ್ಲಾದರೆ ಟೂಲ್ಸ್ ಮೆನುವಿನ ಆಪ್ಷನ್ಸ್ ಒಳಗಿದೆ. ಈಗ ಚಾರ್ಟಿಗೆ ಸೇರಿದ ಒಂದು ಅಂಕೆಯನ್ನು ತಿದ್ದಿ. ಚಾರ್ಟ್ ಥಟ್ಟನೆ ಬಂದರೆ ಬಿಡಿಸುವುದರಲ್ಲಿ ತೊಂದರೆ ಇಲ್ಲ, ಹಿಂದಿನ ಫಾರ್ಮುಲಾಗಳೇ ಎಳೆಯುತ್ತಿವೆ. ಎಫ್9 ಒತ್ತಿ, ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ, ಅದು ಫಾರ್ಮುಲಾಗಳ ಪಾಲು. ಮ್ಯಾನ್ಯುವಲ್‌ನಲ್ಲೂ ಮೊದಲಿನಷ್ಟೇ ನಿಧಾನ ಆದರೆ ಚಾರ್ಟಿನದ್ದೇ ಭಾರ, ಮಾರ್ಕರ್ ತೆಗೆಯುವುದರಿಂದ ಶುರು ಮಾಡಿ. ನೋಡಿ ಆದ ಮೇಲೆ ಮರೆಯದೆ ಆಟೊಮ್ಯಾಟಿಕ್‌ಗೆ ತನ್ನಿ, ಇಲ್ಲದಿದ್ದರೆ ನಾಳೆ ಹೊಸ ಅಂಕೆ ಹಾಕಿದಾಗ ಮೊತ್ತ ಹಳತೇ ತೋರಿಸುತ್ತದೆ.

ನನ್ನ ಅಂದಾಜಿನಲ್ಲಿ ಚಾರ್ಟ್ ನಿಧಾನ ಅಂತ ಬರುವವರಲ್ಲಿ ಹೆಚ್ಚಿನವರದ್ದು ಫಾರ್ಮುಲಾ ಕತೆ. ಧಾರಣೆಯ ಶೀಟಿನಲ್ಲಿ ಹೊಸ ಅಡಿಕೆಗೆ ಒಂದು ಕಾಲಂ, ಹಳೆ ಅಡಿಕೆಗೆ ಒಂದು, ಪಟೋರಕ್ಕೆ ಒಂದು, ಪ್ರತಿಯೊಂದರಲ್ಲೂ ಬೇರೆ ಪಟ್ಟಿಯಿಂದ ಅಂಕೆ ಹುಡುಕಿ ತರುವ ವಿಲುಕಪ್ (VLOOKUP) ಫಾರ್ಮುಲಾ ಸಾವಿರಗಟ್ಟಲೆ. ಚಾರ್ಟ್ ಪಾಪ, ಅವೆಲ್ಲ ಮುಗಿಯುವವರೆಗೆ ಕಾಯುತ್ತಾ ಇರುತ್ತದೆ.

2003ರಲ್ಲಿ ಚೆನ್ನಾಗಿದ್ದ ಫಾರ್ಮುಲಾ ಹೊಸದರಲ್ಲಿ ಯಾಕೆ ಎಳೆಯುತ್ತದೆ?

ಇಡೀ ಕಾಲಂ ಕೊಟ್ಟಿದ್ದೀರಾ ನೋಡಿ. ಹಳೆ ಶೀಟಿನ ಒಂದು ಕಾಲಂಗಿಂತ ಹೊಸ ಶೀಟಿನ ಕಾಲಂ ಸರಿಯಾಗಿ 16 ಪಾಲು ಉದ್ದ. ಸಮ್‌ಇಫ್ (SUMIF) ತರಹದ ಫಂಕ್ಷನ್‌ಗಳು ಬುದ್ಧಿವಂತಿಕೆಯಿಂದ ಡೇಟಾ ಇರುವಲ್ಲಿಗೆ ನಿಲ್ಲುತ್ತವೆ. ಸಮ್‌ಪ್ರಾಡಕ್ಟ್ (SUMPRODUCT) ಹಾಗಲ್ಲ. 2003ರಲ್ಲಿ ಅದಕ್ಕೆ ಇಡೀ ಕಾಲಂ ಕೊಡಲು ಬಿಡುತ್ತಲೇ ಇರಲಿಲ್ಲ, 2007ರಿಂದ ಬಿಡುತ್ತದೆ, ಹತ್ತು ಲಕ್ಷ ಚಿಲ್ಲರೆ ಸಾಲನ್ನೂ ಕೂತು ಲೆಕ್ಕ ಹಾಕುತ್ತದೆ. ಡೇಟಾ ಎಷ್ಟಿದೆಯೋ ಅಷ್ಟಕ್ಕೇ ವ್ಯಾಪ್ತಿ ಕೊಡಿ.

ಎರಡನೆಯದು ಆಫ್‌ಸೆಟ್ (OFFSET), ಇನ್‌ಡೈರೆಕ್ಟ್ (INDIRECT), ಟುಡೇ (TODAY) ಫಂಕ್ಷನ್‌ಗಳು. ಇವು ಶೀಟಿನಲ್ಲಿ ಎಲ್ಲೋ ಸಂಬಂಧವಿಲ್ಲದ ಒಂದು ಸೆಲ್ ತಿದ್ದಿದರೂ ಪುನಃ ಲೆಕ್ಕ ಮಾಡುತ್ತವೆ. ಹೊಸ ಸಾಲು ಸೇರಿದ ಹಾಗೆ ಚಾರ್ಟ್ ತಾನೇ ಬೆಳೆಯಲಿ ಅಂತ ಆಫ್‌ಸೆಟ್ ಹಾಕಿ ಹೆಸರು ಕೊಟ್ಟಿರುತ್ತಾರಲ್ಲ, ಅದು ಹಳೆ ಕಾಲದ ಉಪಾಯ. ಈಗ ಡೇಟಾವನ್ನು ಟೇಬಲ್ ಮಾಡಿದರೆ ಸಾಕು, ಚಾರ್ಟ್ ತಾನಾಗಿ ಬೆಳೆಯುತ್ತದೆ. 2003ರಲ್ಲೂ ಇದಿತ್ತು, ಲಿಸ್ಟ್ ಅನ್ನುವ ಹೆಸರಲ್ಲಿ.

ಎರಡು ವರ್ಶನ್‌ಗಳ ವೇಗ ನ್ಯಾಯವಾಗಿ ಹೋಲಿಸುವುದು ಹೇಗೆ?

ಒಂದೇ ಕಂಪ್ಯೂಟರ್, ಒಂದೇ ಡೇಟಾ, ಒಂದೇ ಅಳತೆಯ ಚಾರ್ಟ್. ಹಳೆ ಕಂಪ್ಯೂಟರಿನ 2003ನ್ನು ಹೊಸ ಲ್ಯಾಪ್‌ಟಾಪಿನ 365 ಜೊತೆ ಹೋಲಿಸಿದರೆ ನೀವು ಅಳೆಯುವುದು ಕಂಪ್ಯೂಟರನ್ನು, ಎಕ್ಸೆಲನ್ನಲ್ಲ. ಒಂದೇ ಕಂಪ್ಯೂಟರಿನಲ್ಲಿ ಎರಡು ವರ್ಶನ್ ಇಡುವುದಾದರೆ ಹಳತನ್ನು ಮೊದಲು ಹಾಕಿ, ಹೊಸತನ್ನು ಆಮೇಲೆ.

ಮೊದಲ ಸಲದ ಸಮಯ ಬಿಟ್ಟುಬಿಡಿ. ಆಗ ಪ್ರೋಗ್ರಾಂ, ಫಾಂಟ್, ಎಲ್ಲ ಡಿಸ್ಕ್‌ನಿಂದ ಬರುತ್ತಿರುತ್ತದೆ. ಚಾರ್ಟ್ ಅದೇ ವರ್ಶನ್‌ನ ಒಳಗೇ ಹೊಸದಾಗಿ ಮಾಡಿ, ಯಾಕೆಂದರೆ ಹಳೆ ಫೈಲಿನಿಂದ ಬಂದ ಚಾರ್ಟ್ ತನ್ನ ಹಳೆ ರೂಪವನ್ನೇ ಹೊತ್ತುಕೊಂಡು ಬಂದಿರುತ್ತದೆ, ಹೊಸದರ ಡಿಫಾಲ್ಟ್ ರೂಪದಲ್ಲಿ ಮಾರ್ಕರ್, ಬಣ್ಣ, ಗೆರೆಯ ದಪ್ಪ ಎಲ್ಲ ಬೇರೆ ಇರುತ್ತದೆ. ಹೋಲಿಸುವ ಮುಂಚೆ ಎರಡನ್ನೂ ಒಂದೇ ತರಹ ಮಾಡಿಕೊಳ್ಳಿ.

ಮ್ಯಾಕ್ರೊ ಬರೆಯುವವರು ಟೈಮರ್ ಫಂಕ್ಷನ್ ಬಳಸಿ ನೂರು ಸಲ ಬಿಡಿಸಿ ಸರಾಸರಿ ತೆಗೆಯಿರಿ. ನಡುರಾತ್ರಿಗೆ ಅದು ಸೊನ್ನೆಯಿಂದ ಶುರುವಾಗುತ್ತದೆ, ಆ ಹೊತ್ತಿಗೆ ಪರೀಕ್ಷೆ ಮಾಡಬೇಡಿ. ಸ್ಕ್ರೀನ್ ಅಪ್‌ಡೇಟಿಂಗ್ ಆಫ್ ಮಾಡಿ ಅಳೆದರೆ ಬಿಡಿಸುವ ಕೆಲಸವೇ ಆ ಲೆಕ್ಕದಲ್ಲಿ ಬರುವುದಿಲ್ಲ, ಅಂಕೆ ಸುಳ್ಳು ಸುಳ್ಳೇ ಚಂದ ಕಾಣುತ್ತದೆ. ದಿನದ ಕೆಲಸಕ್ಕೆ ಆಫ್ ಮಾಡುವುದು ಒಳ್ಳೆಯದೇ, ಅಳೆಯುವಾಗ ಮಾತ್ರ ಆನ್ ಇರಲಿ. ಇನ್ನೊಂದು, 2007ರಲ್ಲಿ ಚಾರ್ಟಿನ ಅಲಂಕಾರವನ್ನು ಮ್ಯಾಕ್ರೊ ರೆಕಾರ್ಡರ್ ಹಿಡಿಯುತ್ತಿರಲಿಲ್ಲ, 2010ರಲ್ಲಿ ಅದನ್ನು ಸರಿ ಮಾಡಿದರು.

64 ಬಿಟ್ ಎಕ್ಸೆಲ್ ಹಾಕಿದರೆ ಚಾರ್ಟ್ ಬೇಗ ಬರುತ್ತದಾ?

ಇಲ್ಲ. ಜಾಸ್ತಿ ಮೆಮೊರಿ ಬಳಸಬಹುದು ಅಷ್ಟೆ. "ಮೆಮೊರಿ ಸಾಲದು" ಅನ್ನುವ ಸಂದೇಶ ಬರುತ್ತಿದ್ದರೆ ಹಾಕಿ.

ಹಳೆ ತರಹದ ಎಕ್ಸ್‌ಎಲ್‌ಎಸ್ (.xls) ಫೈಲನ್ನು ಹೊಸ ತರಹದ ಎಕ್ಸ್‌ಎಲ್‌ಎಸ್‌ಎಕ್ಸ್ (.xlsx) ಮಾಡಿದರೆ?

ಬಿಡಿಸುವ ವೇಗಕ್ಕೂ ಫೈಲಿನ ತರಹಕ್ಕೂ ದೊಡ್ಡ ಸಂಬಂಧ ಇಲ್ಲ. ತೆರೆಯಲು, ಸೇವ್ ಮಾಡಲು ಹೊತ್ತು ಹಿಡಿಯುತ್ತಿದ್ದರೆ ಎಕ್ಸ್‌ಎಲ್‌ಎಸ್‌ಬಿ (.xlsb) ಅಂತ ಸೇವ್ ಮಾಡಿ ನೋಡಿ, ದೊಡ್ಡ ಫೈಲುಗಳಿಗೆ ಅದು ಒಳ್ಳೆಯದು.

ಚಾರ್ಟ್ ಚಿಕ್ಕದು, ಫಾರ್ಮುಲಾವೂ ಇಲ್ಲ, ಆದರೂ ಶೀಟು ಎಳೆಯುತ್ತದೆ?

ಎರಡು ಕಡೆ ನೋಡಿ. ವೆಬ್‌ಸೈಟಿನಿಂದ ಧಾರಣೆ ಕಾಪಿ ಮಾಡಿ ಹಾಕುವ ಅಭ್ಯಾಸ ಇದ್ದರೆ ಅದರ ಜೊತೆ ಕಣ್ಣಿಗೆ ಕಾಣದ ಚಿತ್ರಗಳೂ ಬಂದು ಕೂತಿರುತ್ತವೆ, ಕೆಲವೊಮ್ಮೆ ನೂರಾರು. 2007ರ ನಂತರದ್ದರಲ್ಲಿ ಆಲ್ಟ್ ಜೊತೆ ಎಫ್10 ಒತ್ತಿದರೆ ಪಟ್ಟಿ ಬರುತ್ತದೆ. ಬೇಡದ್ದನ್ನು ಅಳಿಸಿ. ಇನ್ನೊಂದು ಪ್ರಿಂಟರ್. ಪುಟ ಎಲ್ಲಿ ಮುರಿಯುತ್ತದೆ ಅಂತ ತಿಳಿಯಲು ಎಕ್ಸೆಲ್ ಡಿಫಾಲ್ಟ್ ಪ್ರಿಂಟರನ್ನು ಕೇಳುತ್ತದೆ. ಆಫೀಸಿನ ನೆಟ್‌ವರ್ಕ್ ಪ್ರಿಂಟರ್ ಕರೆಂಟು ಹೋಗಿ ಆಫ್ ಆಗಿದ್ದರೆ ಉತ್ತರ ಬರುವವರೆಗೆ ಕಾದು ಕೂರುತ್ತದೆ. ಪಿಡಿಎಫ್ ಪ್ರಿಂಟರನ್ನು ಡಿಫಾಲ್ಟ್ ಮಾಡಿ ನೋಡಿ.

ಒಂದೇ ಚಾರ್ಟಿನಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬೇಕು. ಹಳೆ ಎಕ್ಸೆಲ್ ಫಾಂಟ್ ಮುಗಿಯಿತು ಅನ್ನುತ್ತದೆ?

ನಮ್ಮ ಜಿಲ್ಲೆಯಲ್ಲಿ ಇದು ತಪ್ಪುವುದಿಲ್ಲ. 2003ರವರೆಗಿನ ಚಾರ್ಟುಗಳಲ್ಲಿ ಆಟೊ ಸ್ಕೇಲ್ ಅಂತ ಒಂದು ಟಿಕ್ ಇರುತ್ತದೆ. ಚಾರ್ಟ್ ದೊಡ್ಡದಾದರೆ ಅಕ್ಷರವೂ ದೊಡ್ಡದಾಗಲಿ ಅಂತ. ಅದಕ್ಕಾಗಿ ಒಳಗೊಳಗೇ ಫಾಂಟುಗಳ ಲೆಕ್ಕ ಬೆಳೆಯುತ್ತಾ ಹೋಗುತ್ತದೆ, ಚಾರ್ಟ್ ಕಾಪಿ ಮಾಡಿದಷ್ಟೂ ಜಾಸ್ತಿ. ಕೊನೆಗೆ ಇನ್ನು ಹೊಸ ಫಾಂಟ್ ಹಾಕಲಾಗದು ಅನ್ನುವ ಸಂದೇಶ. ಚಾರ್ಟಿನ ಫಾಂಟ್ ಟ್ಯಾಬ್‌ನಲ್ಲಿ ಆ ಟಿಕ್ ತೆಗೆಯಿರಿ, ಕಾಪಿ ಮಾಡುವ ಮುಂಚೆಯೇ. ಅಕ್ಷರಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆ ನುಡಿ ಫಾಂಟಿನಲ್ಲಿ ಬರೆದ ಹೆಸರು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬೇರೇನೋ ಆಗಿ ಕಾಣುತ್ತದೆ.

ಶಾಲೆಯಲ್ಲಿ ಲಿಬ್ರೆಆಫೀಸ್ ಇದೆ, ಮನೆಯಲ್ಲಿ ಎಕ್ಸೆಲ್. ಹೋಲಿಸಬಹುದಾ?

ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕೈಟ್‌ನವರ (ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಕೇರಳ ಸರಕಾರದ ಸಂಸ್ಥೆ) ಲಿನಕ್ಸ್ ಇರುವುದರಿಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೇ ಕಲಿಯುತ್ತಾರೆ. ಒಂದು ತರಗತಿಯ ಮಾರ್ಕಿನ ಗ್ರಾಫ್, ಒಂದು ವರ್ಷದ ದಿನದ ಮಳೆ, ಇಷ್ಟಕ್ಕೆ ಕ್ಯಾಲ್ಕ್ ಆರಾಮ. ಹತ್ತಾರು ಸಾವಿರ ಪಾಯಿಂಟಿನ ಚಾರ್ಟ್ ಆದರೆ ಅಲ್ಲೂ ತಾಳ್ಮೆ ಬೇಕು. ದಿನದ ಮೊತ್ತ ಮಾಡುವ ಉಪಾಯ ಅಲ್ಲಿಗೂ ಹೊಂದುತ್ತದೆ. ಮನೆಯಿಂದ ತಂದ ಎಕ್ಸೆಲ್ ಫೈಲನ್ನು ಅದರಲ್ಲೇ ಮತ್ತೆ ಮತ್ತೆ ತೆರೆಯುವುದಾದರೆ ಒಮ್ಮೆ ಕ್ಯಾಲ್ಕ್‌ನ ಸ್ವಂತ ತರಹವಾದ ಓಡಿಎಸ್ (.ods) ಅಂತ ಸೇವ್ ಮಾಡಿ ಕೆಲಸ ಮಾಡಿ, ತೆರೆಯುವಾಗೆಲ್ಲ ರೂಪ ಬದಲಾಯಿಸುವ ಕೆಲಸ ತಪ್ಪುತ್ತದೆ.

ಹಳೆ ಕಂಪ್ಯೂಟರಿನಲ್ಲಿ 2003 ಚೆನ್ನಾಗಿ ಓಡುತ್ತಿದೆ. ಹೊಸತಕ್ಕೆ ಹೋಗಲೇಬೇಕಾ?

ಅದರಲ್ಲಿ ಚಾರ್ಟ್ ಬೇಗ ಬರುತ್ತದೆ, ನಿಜ. ಆದರೆ 2003ಕ್ಕೆ ಭದ್ರತಾ ಅಪ್‌ಡೇಟ್ ಬರುವುದು 2014ರ ಏಪ್ರಿಲ್‌ನಲ್ಲೇ ನಿಂತಿದೆ, 2007ಕ್ಕೆ 2017ರ ಅಕ್ಟೋಬರ್‌ನಲ್ಲಿ, 2010ಕ್ಕೆ 2020ರ ಅಕ್ಟೋಬರ್‌ನಲ್ಲಿ. ಇಂಟರ್ನೆಟ್ಟಿನಿಂದ ಬಂದ ಫೈಲನ್ನು ಇವುಗಳಲ್ಲಿ ತೆರೆಯುವುದು ಅಪಾಯ. ನೆಟ್ ಇಲ್ಲದ, ಪೆನ್‌ಡ್ರೈವ್ ಹಾಕದ ಕಂಪ್ಯೂಟರಿನಲ್ಲಿ ಮನೆಯ ಮಳೆ ಲೆಕ್ಕಕ್ಕೆ ಮಾತ್ರ ಅಂದರೆ ಇರಲಿ, ನನ್ನ ಆಕ್ಷೇಪ ಇಲ್ಲ. ಸೊಸೈಟಿಯ, ಶಾಲೆಯ ಕಂಪ್ಯೂಟರ್ ಆದರೆ ಬೇಡವೇ ಬೇಡ, ಅಲ್ಲಿ ಬೇರೆಯವರ ಖಾತೆ, ಮಕ್ಕಳ ವಿವರ ಎಲ್ಲ ಇರುತ್ತದೆ. ದುಡ್ಡಿನ ಅಡಚಣೆ ಇದ್ದರೆ ಲಿಬ್ರೆಆಫೀಸ್ ಉಚಿತ. ಬದಲಾಯಿಸುವ ದಿನ ಹಳೆ ಚಾರ್ಟುಗಳನ್ನು ಹಾಗೇ ಹೊತ್ತುಕೊಂಡು ಹೋಗಬೇಡಿ. ಡೇಟಾ ಮಾತ್ರ ಕಾಪಿ ಮಾಡಿ, ಚಾರ್ಟನ್ನು ಹೊಸದರಲ್ಲಿ ಮಾರ್ಕರ್ ಇಲ್ಲದೆ ಮೊದಲಿನಿಂದ ಮಾಡಿ.